ನರಿ ಬಿಟ್ಟುಹೋದ ಹಕ್ಕಿ

ತನ್ನ ಸವತಿಗೆ ಬಾಲ ಇದೆಯೋ ಇಲ್ಲವೋ ನೋಡಿ ಹೇಳಬೇಕು ಎಂದು ಕೇಳಿಕೊಂಡು ಲೂ ಯಜಮಾನಿ ನಮ್ಮ ಮನೆಗೆ ಬಂದಾಗ ನಾವಿನ್ನೂ ಬೆಳಗಿನ ನವಣೆ ಗಂಜಿಗೆ ಕೈ ಹಾಕಿರಲಿಲ್ಲ. ಅವಳ ಹಿಂದೆ ಕಚೇರಿಯ ಜವಾನ ನಿಂತಿದ್ದ. ನ್ಯಾಯಾಧಿಕಾರಿಗಳದೂ ಅದೇ ಅಪ್ಪಣೆಯಂತೆ.

ಯಾನ್ ಅಜ್ಜಿ ನಮ್ಮ ಲ್ಯೂಹೆ ಊರಿನ ಸೂಲಗಿತ್ತಿ. ಹೆಂಗಸರ ಮೈ ಪರೀಕ್ಷೆ ಮಾಡಬೇಕಾದಾಗ, ಬದುಕಿದವರದಿರಲಿ ಸತ್ತವರದಿರಲಿ, ಕಚೇರಿ ಅವಳನ್ನೇ ಕರೆಸುತ್ತಿತ್ತು. ಹಾಗೆ ಹೋಗಿ ಹೋಗಿಯೇ ಅವಳು ಹನ್ನೊಂದು ಕೊಲೆಗಳ ಗುಟ್ಟು ಬಿಡಿಸಿದ್ದಳು. ಹೆಸರು ಮಾತ್ರ ಆಗಾಗ ಬದಲಾದ ನ್ಯಾಯಾಧಿಕಾರಿಗಳಿಗೆ ಹೋಯಿತು. ನಾನು ರುಯಿ. ಗಂಡ ಸತ್ತ ವರ್ಷ ಅವಳ ಚೀಲ ಹೊರಲು ಬಂದವಳು ಇಪ್ಪತ್ತೊಂದು ವರ್ಷದಿಂದ ಅಲ್ಲೇ ಇದ್ದೇನೆ. ಐದು ವರ್ಷದಿಂದೀಚೆಗೆ ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಮುಖ ಯಾವುದು, ಮಡಕೆ ಯಾವುದು ಎನ್ನುವಷ್ಟು ಕಾಣುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಾನು ನೋಡಿ ಹೇಳಬೇಕು. ಊರಿಗೆ ಈ ಗುಟ್ಟು ಗೊತ್ತಿರಲಿಲ್ಲ, ನನಗೆ ಅದರದೇ ಜಂಬ.

"ನನ್ ಗಂಡನ್ನ ನರಿ ತಿಂತು ಅಜ್ಜಿ," ಎಂದಳು ಲೂ. ಅಳು ಕಡಿಮೆ, ಕೋಪ ಜಾಸ್ತಿ. "ಮನೆ ತುಂಬ ಹೇಳ್ದೆ, ಅವಳು ಹೆಣ್ಣಲ್ಲ ಅಂತ. ಯಾರೂ ಕೇಳಲಿಲ್ಲ."

ಅವಳ ಗಂಡ ಪಾನ್ ಊರಿಗೇ ದೊಡ್ಡ ಬಣ್ಣಗಾರ. ಅವನ ನೀಲಿ ಬಟ್ಟೆ ಮೂರು ಜಿಲ್ಲೆಗೆ ಹೋಗುತ್ತಿತ್ತು. ಆ ಬೆಳಿಗ್ಗೆ ಎಷ್ಟು ಕೂಗಿದರೂ ಏಳಲಿಲ್ಲವೆಂದು ಬಾಗಿಲು ಮುರಿದರೆ, ಒಳಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿ ಸತ್ತು ಮಲಗಿದ್ದನಂತೆ. ಗಾಯವಿಲ್ಲ, ಗುರುತಿಲ್ಲ, ಕೆನ್ನೆ ಮಾತ್ರ ಮದುಮಗನ ಹಾಗೆ ಕೆಂಪಗೆ. ಹೆಣ್ಣಿನ ವೇಷದ ನರಿ ಗಂಡಸಿನ ಉಸಿರು ಹೀರಿದರೆ ಹೀಗೇ ಆಗುವುದೆಂದು ಊರೆಲ್ಲ ನಂಬುತ್ತದೆ. ಹೆಣ ನೋಡಿದ ಕಚೇರಿಯವನೂ ಅದನ್ನೇ ಬರೆದುಕೊಟ್ಟಿದ್ದ.

ನರಿ ಯಾರೆಂದು ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ. ಪಾನ್ ಹೋದ ವಸಂತದಲ್ಲಿ ಮಹಾಗೋಡೆಯ ಆಚೆಯಿಂದ ಎರಡನೆಯವಳನ್ನು ತಂದಿದ್ದ. ಹೆಸರು ಯಿಂಗ್, ವಯಸ್ಸು ಇಪ್ಪತ್ತೆರಡು. ನಮ್ಮವರ ಹಾಗೆ ಬೆಳೆಯದಂತೆ ಚಿಕ್ಕಂದಿನಲ್ಲೇ ಪಾದ ಬಿಗಿದು ಕಟ್ಟಿಸಿಕೊಂಡವಳಲ್ಲ, ದಾಪುಗಾಲು ಹಾಕುತ್ತಿದ್ದಳು. ತಲೆಗೆ ನರಿಚರ್ಮದ ಟೊಪ್ಪಿ. ಸಾಲದ್ದಕ್ಕೆ ಅವಳ ಕೋಣೆಯ ಮೂಲೆಯಲ್ಲಿ ನರಿಯಪ್ಪನಿಗೆ ಒಂದು ಗೂಡು, ಅದರ ಮುಂದೆ ಬೇಯಿಸಿದ ಮೊಟ್ಟೆ ಮತ್ತು ಒಂದು ಬಟ್ಟಲು ಹೆಂಡ. ನಾವು ಒಲೆಯ ದೇವರಿಗೆ ಮಾಡುವುದನ್ನು ಅವಳ ಕಡೆಯವರು ನರಿಗೆ ಮಾಡುತ್ತಾರೆ.

ನಾವು ಹೋದಾಗ ಅವಳನ್ನು ಅಂಗಳದಲ್ಲಿ ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದ್ದರು. ಮೇಲೆ ನೀಲಿ ಬಟ್ಟೆಗಳು ಮಂಜಿಗೆ ಹಲಗೆಯ ಹಾಗೆ ಸೆಟೆದಿದ್ದವು. ಅಜ್ಜಿ ಕಟ್ಟು ಬಿಚ್ಚಿಸಿ, ಅವಳನ್ನು ಒಳಗೆ ಕರೆದೊಯ್ದು ಪರೀಕ್ಷೆ ಮಾಡಿ, ಹೊಸ್ತಿಲಿಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು: "ಬಾಲ ಇಲ್ಲ. ಇದ್ದಿದ್ರೆ ಈ ಚಳೀಗೆ ಅವಳಿಗೇ ಒಳ್ಳೇದಾಗ್ತಿತ್ತು."

ನಾನು ಬಾಗಿಲು ಮುಚ್ಚುವಾಗ ಯಿಂಗ್ ಮೊದಲ ಸಲ ಬಾಯಿಬಿಟ್ಟಳು. "ಅಜ್ಜಿ, ಯಜಮಾನರ ಹಾಡುಹಕ್ಕೀನೂ ಪಂಜರದಲ್ಲೇ ಸತ್ತಿದೆ. ಯಾರೂ ನೋಡ್ಲಿಲ್ಲ. ನರಿ ಬಂದಿದ್ರೆ ಹಕ್ಕೀನ ಬಿಟ್ಟು ಹೋಗ್ತಿತ್ತಾ?"

ಅಜ್ಜಿ ನಕ್ಕಳು. ಮಾಗಿ ಹಿಡಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ, ನಾನು ಪಕ್ಕದಲ್ಲೇ ಇದ್ದೇನೆ ಎಂಬುದನ್ನೂ ಮರೆತು, "ಅಂತೂ ಕಣ್ಣಿರೋಳು ಒಬ್ಬಳು ಸಿಕ್ಕಳು" ಎಂದಳು. ನನ್ನ ಹೊಟ್ಟೆಗೆ ಕೆಂಡ ಬಿದ್ದ ಹಾಗಾಯಿತು. ಇಪ್ಪತ್ತೊಂದು ವರ್ಷ ನನ್ನ ಮುಖದಲ್ಲಿದ್ದದ್ದು ಗುಂಡಿಗಳೇ?

ಸತ್ತವನ ಕೋಣೆಗೆ ಹೋದೆವು. ನಾನು ಎಂದಿನಂತೆ ಅಜ್ಜಿಯ ಕಿವಿಯಲ್ಲಿ ಒಂದೊಂದೇ ಹೇಳುತ್ತಾ ಬಂದೆ. ಹಾಸಿಗೆಯ ಪಕ್ಕ ಇದ್ದಿಲಿನ ಅಗ್ಗಿಷ್ಟಿಕೆ, ಬೂದಿಯಾಗಿದೆ. ತಲೆದಿಂಬಿನ ಕೆಳಗೆ ಬಟ್ಟೆಗೆ ನೀಲಿ ಹಾಕುವ ಬಣ್ಣದ ಮನೆಯ ಬೀಗದ ಕೈ. ಪಂಜರದಲ್ಲಿ ಕಾಲು ಮೇಲೆ ಮಾಡಿದ ಹಕ್ಕಿ. ಕಿಟಕಿಯ ಜಾಲರಿಗೆಲ್ಲ ಹಳೆಯ ಕಾಗದ, ಮೇಲಿನ ಒಂದು ಚೌಕಕ್ಕೆ ಮಾತ್ರ ಹೊಸದು. ಹಳೆಯದು ಒಳಗಿನಿಂದ ಅಂಟಿಸಿದ್ದು, ಹೊಸದು ಹೊರಗಿನಿಂದ.

ಆ ಚೌಕವನ್ನು ಹೊಗೆ ಹೋಗಲೆಂದು ಯಾವಾಗಲೂ ತೆರೆದೇ ಇಡುತ್ತಿದ್ದೆವು, ನಿನ್ನೆ ಸಂಜೆ ದೀಪ ತರುವಾಗಲೂ ತೆರೆದೇ ಇತ್ತು ಎಂದಳು ಲೂ. ಹಾಗಾದರೆ ಇವನನ್ನು ಕೊಂದದ್ದು ಇದ್ದಿಲಿನ ಕೆಟ್ಟ ಗಾಳಿ ಎಂದಳು ಅಜ್ಜಿ. ಆ ಗಾಳಿ ಕುಡಿದು ಸತ್ತವರ ಕೆನ್ನೆ ಹೀಗೇ ಕೆಂಪಾಗುತ್ತದೆ. ಅವನು ದೀಪ ಆರಿಸಿದ ಮೇಲೆ ಯಾರೋ ಹೊರಗೆ ನಿಂತು ಆ ಚೌಕವನ್ನು ಮುಚ್ಚಿದ್ದಾರೆ. ಬಾಗಿಲ ಅಗುಳಿ ಹಾಗೇ ಇದ್ದದ್ದು ಅದಕ್ಕೇ.

ಆಗ ಮೆಲ್ಲಗೆ ಮಾತಾಡಿದವನು ಮೇಸ್ತ್ರಿ ಗೆಂಗ್. ಇಪ್ಪತ್ತಮೂರು ವರ್ಷ ಪಾನ್‌ನ ಬಲಗೈಯಾಗಿದ್ದವನು, ಮೊಣಕೈವರೆಗೆ ಬಿಡದ ನೀಲಿ. ಬಾಗಿಲು ಮುರಿದವನೂ ಅವನೇ, ಆ ಮನೆಯಲ್ಲಿ ನಿಜವಾಗಿ ಅಳುತ್ತಿದ್ದವನೂ ಅವನೇ. "ಕಾಗದ ಹೊರಗಿನಿಂದ ಅಂಟಿಸೋದು ನಮ್ಮ ಪದ್ಧತಿ ಅಲ್ಲಮ್ಮ. ಗೋಡೆಯಾಚೆಯವರದು," ಎಂದ.

ಅದು ನಿಜವೇ. ಅವರ ಕಡೆ ಹಿಮ ಜಾಲರಿಯಲ್ಲಿ ಕೂರುತ್ತದೆಂದು ಕಾಗದವನ್ನು ಹೊರಗೇ ಅಂಟಿಸುತ್ತಾರಂತೆ. ಅದನ್ನು ಹೇಳಿಕೊಂಡು ನಮ್ಮವರು ನಗುವುದುಂಟು. ಜವಾನ ಹಗ್ಗ ಹಿಡಿದು ಯಿಂಗ್‌ಳ ಕಡೆ ಹೊರಟ. ನರಿಯಲ್ಲದಿದ್ದರೆ ಕೊಲೆಗಾತಿ, ಇನ್ನೂ ಸುಲಭವಾಯಿತು. ಗಂಡನನ್ನು ಕೊಂದವಳಿಗೆ ನಮ್ಮ ರಾಜ್ಯದಲ್ಲಿ ತುಂಡು ತುಂಡಾಗಿ ಕತ್ತರಿಸುವ ಶಿಕ್ಷೆ. ಮರುದಿನ ಮಧ್ಯಾಹ್ನ ಅವಳನ್ನು ಜಿಲ್ಲೆಯ ಪಟ್ಟಣಕ್ಕೆ ಸಾಗಿಸುವುದೆಂದು ತೀರ್ಮಾನವಾಯಿತು.

ಅಜ್ಜಿ ಅವಸರ ಮಾಡಲಿಲ್ಲ. ಹೊಸ ಕಾಗದವನ್ನು ಮೆಲ್ಲಗೆ ಕಿತ್ತು ಮಡಿಲಿಗೆ ಸೇರಿಸಿ, ಅದರ ಅಂಟನ್ನು ಬೆರಳಲ್ಲಿ ಉಜ್ಜಿ, ನಾಲಗೆಗೆ ತಾಗಿಸಿ ಉಗಿದಳು. ಲೂಳನ್ನು ಅದೂ ಇದೂ ಕೇಳಿದಳು. ಲೂ ತನ್ನ ಉರಿಯನ್ನೆಲ್ಲ ಸುರಿದಳು. ಎರಡು ತಿಂಗಳಿಂದ ಗಂಡ ದಿನವಿಡೀ ಆ ಹುಡುಗಿಯ ಜೊತೆ ಬಟ್ಟೆ ಅದ್ದುವ ನೀಲಿ ತೊಟ್ಟಿಯ ಹತ್ತಿರವೇ ಇರುತ್ತಿದ್ದನಂತೆ. ತೊಟ್ಟಿ ಹದಕ್ಕೆ ಬಂದದ್ದನ್ನು ವಾಸನೆಯಲ್ಲೇ ಕಂಡುಹಿಡಿಯುವ ಪಾನ್ ಮನೆತನದ ವಿದ್ಯೆ ಅವಳಿಗೆ ಹೇಳಿಕೊಡುತ್ತಿದ್ದನಂತೆ. ತನ್ನ ಸೊಂಟದಲ್ಲಿ ಅಡುಗೆಮನೆಯ ಬೀಗದ ಕೈ ಬಿಟ್ಟರೆ ಬೇರೇನೂ ಉಳಿದಿಲ್ಲವಂತೆ. ಹಿಟ್ಟು, ಎಣ್ಣೆ ಎಲ್ಲವನ್ನೂ ಕತ್ತಲಾಗುವ ಮುಂಚೆ ಒಳಗಿಟ್ಟು ಬೀಗ ಹಾಕುತ್ತಾಳಂತೆ. ಮೇಸ್ತ್ರಿಯನ್ನು ಕೇಳಿದ್ದಕ್ಕೆ, "ಯಾರಿಗೆ ಕಲಿಸಬೇಕೋ ಅದು ಯಜಮಾನರ ಇಷ್ಟ," ಎಂದನಷ್ಟೆ. ಹಿಂದಿನ ದಿನ ಬಣ್ಣದ ಮನೆಯನ್ನು ಮಧ್ಯಾಹ್ನವೇ ಮುಚ್ಚಿ, ಬೀಗ ಹಾಕಿಕೊಂಡು ಹೋದದ್ದೂ ಅವನೇ.

ಅಜ್ಜಿ ನನ್ನನ್ನು ಯಿಂಗ್‌ಳ ಕೋಣೆಯ ಕಿಟಕಿ ನೋಡಿ ಬರಲು ಕಳಿಸಿದಳು. ಹೋದೆ, ನೋಡಿದೆ. ಕಾಗದ ಹೊರಗಿನಿಂದಲೇ ಅಂಟಿಸಿತ್ತು. ಆದರೆ ಅದರ ಮೇಲೆ ಎಣ್ಣೆ ಬಳಿದಿತ್ತು. ಕಾಗದ ಕರಿದ ರೊಟ್ಟಿಯ ಹಾಗೆ ಹೊಳೆಯುತ್ತಿತ್ತು, ಹನಿ ಬಿದ್ದರೆ ಜಾರುತ್ತಿತ್ತು. ಸತ್ತವನ ಕಿಟಕಿಯ ಕಾಗದ ಒಣಗಿ ಬೆಳ್ಳಗಿತ್ತು. ಹೊರಗೆ ಅಂಟಿಸಿ ಎಣ್ಣೆ ಬಳಿಯದಿದ್ದರೆ ಮೊದಲ ಹಿಮಕ್ಕೇ ಹರಿದು ಹೋಗುತ್ತದೆ. ಗೋಡೆಯಾಚೆ ಹುಟ್ಟಿ ಬೆಳೆದವಳು ಅದನ್ನು ಹೇಗೆ ಮರೆಯುತ್ತಾಳೆ? ಇದು ಅವಳ ಕೈಯ ಕೆಲಸವಲ್ಲ ಎಂದು ನನಗೆ ಆ ಕ್ಷಣವೇ ತಿಳಿಯಿತು.

ಹಿಂದಿರುಗಿದಾಗ ಅಜ್ಜಿ, ಮತ್ತೆ ಕಂಬಕ್ಕೆ ಕಟ್ಟಿದ್ದ ಯಿಂಗ್‌ಳ ಪಕ್ಕ ಕುಕ್ಕುರುಗಾಲಲ್ಲಿ ಕೂತು ತೊಟ್ಟಿಯ ವಾಸನೆಯ ಬಗ್ಗೆ ಮಾತಾಡುತ್ತಿದ್ದಳು. ನನ್ನ ಜೊತೆ ಮಾತಾಡುವಾಗ ಅವಳ ಮುಖ ಅಷ್ಟು ಅರಳಿದ್ದು ನನಗೆ ನೆನಪಿಲ್ಲ. "ಕಿಟಕಿ ಹೇಗಿದೆ?" ಎಂದಳು.

"ಹೊರಗಿನಿಂದಲೇ ಅಂಟಿಸಿರೋದು," ಎಂದೆ.

ಅದು ಸುಳ್ಳಲ್ಲ. ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಊಟಕ್ಕೆ ಕೂತಾಗ ಅಜ್ಜಿ, ಆ ಹುಡುಗಿ ಬದುಕಿಕೊಂಡರೆ ನಮ್ಮಲ್ಲೇ ಇಟ್ಟುಕೊಳ್ಳೋಣವೇ ಎಂದು ಕೇಳಿದಳು. ನಾನು ಉಪ್ಪಿನಕಾಯಿಯ ಮೂಲಂಗಿ ಇನ್ನೊಂದು ಕಚ್ಚಿದೆ. ಸಾಯಲಿ ಎಂದು ನಾನು ಬಯಸಲಿಲ್ಲ. ನಮ್ಮ ಮನೆಗೆ ಬರದಿದ್ದರೆ ಸಾಕಿತ್ತು. ಅವತ್ತು ಎರಡೂ ಒಂದೇ ಆಗಿತ್ತು ಎಂಬುದನ್ನು ಯೋಚಿಸಲು ನನಗೆ ಮನಸ್ಸಿರಲಿಲ್ಲ.

ಬೆಳಿಗ್ಗೆ ನೀರು ತರಲು ಕಚೇರಿಯ ಮುಂದೆ ಹಾದುಹೋದೆ. ಯಿಂಗ್‌ಳನ್ನು ಹೊರಗೆ ಕಟ್ಟಿ, ಗಂಜಿಯ ಬಟ್ಟಲನ್ನು ನೆಲದ ಮೇಲೆ ಇಟ್ಟಿದ್ದರು. ಕೈ ಬಿಚ್ಚಿರಲಿಲ್ಲ. ಅವಳು ಬಗ್ಗಿ ಬಾಯಿ ಹಾಕಿದಳು. ಸುತ್ತ ನಿಂತವರು, "ನೋಡ್ರೋ, ನರಿ ಹೆಂಗೆ ನೆಕ್ಕುತ್ತೆ," ಎಂದು ನಕ್ಕರು. ಅವಳು ತಲೆಯೆತ್ತಿದಾಗ ಕಂಡದ್ದು ನನ್ನ ಮುಖ. ಗುರುತು ಹಿಡಿದು, ಗಂಜಿ ಮೆತ್ತಿದ ಗಲ್ಲದಲ್ಲೇ ನನಗೆ ನಮಸ್ಕಾರದಂತೆ ತಲೆ ಬಾಗಿಸಿದಳು. ಬಿಂದಿಗೆಯನ್ನು ಅಲ್ಲೇ ಇಟ್ಟು ಮನೆಗೆ ಓಡಿದೆ.

"ಅವಳ ಕಿಟಕಿಗೆ ಎಣ್ಣೆ ಬಳಿದಿದೆ," ಎಂದೆ. "ಸತ್ತವನದಕ್ಕೆ ಬಳಿದಿಲ್ಲ. ನಿನ್ನೆಯೇ ನೋಡ್ದೆ."

ಅಜ್ಜಿ ಗಂಜಿ ಊದುವುದನ್ನು ನಿಲ್ಲಿಸಲಿಲ್ಲ. "ಹೂಂ," ಎಂದಳು. "ನಿಂದು ಆರ್ತಿದೆ, ಕುಡಿ."

ಮಧ್ಯಾಹ್ನ ಪಾನ್ ಮನೆಯ ಅಂಗಳದಲ್ಲಿ ನ್ಯಾಯಾಧಿಕಾರಿಗಳು ಕುರ್ಚಿ ಹಾಕಿಸಿಕೊಂಡು ಕೂತರು. ಅಜ್ಜಿಯ ಬೇಡಿಕೆಯಂತೆ ಮೂರು ಖಾಲಿ ಕಿಟಕಿ ಚೌಕಟ್ಟು, ಕಾಗದ, ಹಿಟ್ಟಿನ ಅಂಟು, ಬ್ರಷ್ಷು ಇಡಲಾಗಿತ್ತು. ಪಕ್ಕದಲ್ಲಿ ಬಣ್ಣದ ಮನೆಯಿಂದ ತರಿಸಿದ ಒಂದು ಬೋಗುಣಿ ಮತ್ತು ಮರದ ಸವರುಗತ್ತಿ. ಬೋಗುಣಿಯಲ್ಲಿದ್ದದ್ದು ಸೋಯಾ ಹಿಟ್ಟಿಗೆ ಸುಣ್ಣ ಕಲಸಿದ ಸರಿ. ಬಟ್ಟೆಯಲ್ಲಿ ಬಿಳಿ ಹೂವು ಉಳಿಯಬೇಕಾದ ಕಡೆ ಬಣ್ಣಗಾರರು ಇದನ್ನೇ ಸವರುತ್ತಾರೆ.

ಒಬ್ಬೊಬ್ಬರೇ ಬಂದು ಕಾಗದ ಅಂಟಿಸಬೇಕು ಎಂದಳು ಅಜ್ಜಿ. ಲೂ ಗೊಣಗುತ್ತಲೇ ಚೌಕಟ್ಟಿನ ಹಿಂದಕ್ಕೆ ಹೋಗಿ ಒಳಗಿನಿಂದ ಅಂಟಿಸಿದಳು. ಯಿಂಗ್ ಹೊರಗಿನಿಂದ ಅಂಟಿಸಿ, ನೋಯುತ್ತಿದ್ದ ಮಣಿಕಟ್ಟು ಉಜ್ಜಿಕೊಳ್ಳುತ್ತಾ, ಎಣ್ಣೆ ಎಲ್ಲಿ ಎಂದು ಕೇಳಿದಳು. ಗುಂಪು ಗುಸುಗುಟ್ಟಿತು. ಗೆಂಗ್ ಬ್ರಷ್ಷು ಎತ್ತಿಕೊಂಡು, ಹೊಸಬನ ಹಾಗೆ ತಡವರಿಸುತ್ತಾ ಹಿಟ್ಟಿನ ಅಂಟು ಬಳಿಯತೊಡಗಿದ.

"ಪಾನ್ ಹೇಳ್ತಿದ್ದದ್ದು ಸುಳ್ಳಲ್ಲ ಹಾಗಾದ್ರೆ," ಎಂದಳು ಅಜ್ಜಿ, ನ್ಯಾಯಾಧಿಕಾರಿಗಳ ಕಡೆ ತಿರುಗಿ. "ಈ ಹುಡುಗಿ ಕೈ ಎರಡೇ ತಿಂಗಳಲ್ಲಿ ಮೇಸ್ತ್ರಿ ಕೈಯನ್ನ ಮೀರಿಸ್ತು ಅಂತಿದ್ನಂತೆ. ಸುಣ್ಣದ ಸರಿ ಸವರೋದ್ರಲ್ಲೂ ಅವಳದೇ ಮೇಲಂತೆ."

ಗೆಂಗ್‌ನ ಕುತ್ತಿಗೆ ಕೆಂಪಗಾದದ್ದು ನನಗೆ ಕಂಡಿತು. ಅವನು ಬ್ರಷ್ಷು ಬಿಸಾಡಿದ. ಸವರುಗತ್ತಿ ಎತ್ತಿ, ಬೋಗುಣಿಯ ಸರಿಯನ್ನು ಕಾಗದದ ಅಂಚಿಗೆ ಒಂದೇ ಎಳೆತದಲ್ಲಿ ಎಳೆದ. ಎಲ್ಲೂ ಗಂಟಿಲ್ಲ, ಎಲ್ಲೂ ತೆಳುವಿಲ್ಲ, ಕೊನೆಯಲ್ಲಿ ಮಾತ್ರ ಕೈ ಎತ್ತಿದ ಕಡೆ ಒಂದು ಪುಟ್ಟ ಕೊಕ್ಕೆ. "ಇದನ್ನ ಅವಳ ಕೈಲಿ ಮಾಡ್ಸಿ ನೋಡೋಣ," ಎಂದ.

ಅಜ್ಜಿ ಮಡಿಲಿನಿಂದ ಸತ್ತವನ ಕಿಟಕಿಯ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. "ರುಯಿ, ಎರಡನ್ನೂ ನೋಡು. ಏನು ಕಾಣುತ್ತೋ ಎಲ್ಲಾ ಹೇಳು." ಎಲ್ಲಾ ಎಂಬ ಮಾತು ನನಗೆ ನಾಟಿತು. ನೋಡಿದೆ. ಅದೇ ಸುಣ್ಣದ ಸರಿ, ಅದೇ ಒಂದೇ ಎಳೆತ, ಅದೇ ಕೊಕ್ಕೆ. ಒಂದೂ ಬಿಡದೆ ಹೇಳಿದೆ.

ಆಮೇಲೆ ಅಜ್ಜಿ ಬಿಡಿಸಿ ಹೇಳಿದಳು. ಮೊದಲ ದಿನವೇ ಅಂಟು ಬೆರಳಿಗೆ ಮರಳುಮರಳಾಗಿ, ನಾಲಗೆಗೆ ಉರಿಯಾಗಿ ಸಿಕ್ಕಿತ್ತು, ಅದು ಸುಣ್ಣ. ಲೂ ಮಾಡಿದ್ದರೆ ಅವಳ ಅಡುಗೆಮನೆಯ ಹಿಟ್ಟೇ ಸಿಕ್ಕುತ್ತಿತ್ತು, ಬೇರೆಯವರಿಗೆ ಕತ್ತಲಾದ ಮೇಲೆ ಆ ಹಿಟ್ಟು ಸಿಗುವಂತಿರಲಿಲ್ಲ. ಸುಣ್ಣದ ಸರಿ ಬಣ್ಣದ ಮನೆಯ ಸೊತ್ತು, ಮುಂಚೆ ಕಲಸಿಟ್ಟರೆ ಕಲ್ಲಾಗುತ್ತದೆ, ಹಾಗಾಗಿ ಆ ರಾತ್ರಿಯೇ ಕಲಸಿದ್ದು. ಆ ಮನೆಗೆ ಎರಡೇ ಬೀಗದ ಕೈ. ಒಂದು ಅಗುಳಿ ಹಾಕಿದ ಕೋಣೆಯಲ್ಲಿ ಸತ್ತವನ ದಿಂಬಿನ ಕೆಳಗಿತ್ತು. ಇನ್ನೊಂದು ಮೇಸ್ತ್ರಿಯದು. ಹೊರಗಿನಿಂದ ಅಂಟಿಸುವುದು ಅವನಿಗೆ ಅನಿವಾರ್ಯವಾಗಿತ್ತು, ಅದು ಯಿಂಗ್‌ಳ ತಲೆಗೆ ಕಟ್ಟುತ್ತದೆಂದೂ ಅವನಿಗೆ ಗೊತ್ತಿತ್ತು. ಆದರೆ ಗೋಡೆಯಾಚೆಯವರ ಕಿಟಕಿಯನ್ನು ನಗುವುದಕ್ಕೆ ಕೇಳಿ ತಿಳಿದವನೇ ಹೊರತು, ಕಣ್ಣಿಟ್ಟು ನೋಡಿದವನಲ್ಲ. ಎಣ್ಣೆ ಬಿಟ್ಟುಹೋಯಿತು.

ಗೆಂಗ್ ತಪ್ಪಿಸಿಕೊಳ್ಳಲು ನೋಡಲಿಲ್ಲ. "ಇಪ್ಪತ್ಮೂರು ವರ್ಷ," ಎಂದ. "ತೊಟ್ಟಿ ವಾಸನೆ ಹೇಗೆ ಹಿಡೀಬೇಕು ಅಂತ ಒಂದಿನ ನನ್ನ ಹತ್ರ ಕರೀಲಿಲ್ಲ. ನಿನ್ನೆ ಮೊನ್ನೆ ಬಂದೋಳ ಜೊತೆ ನಗ್ತಾ ನಗ್ತಾ ಹೇಳ್ಕೊಟ್ರು. ನಾನು ಬಾಗಿಲಲ್ಲೇ ನಿಂತಿದ್ದೆ."

ಅವನನ್ನು ಕರೆದೊಯ್ಯುವಾಗ ಎಲ್ಲರೂ ಅವನನ್ನು ನೋಡಿದರು. ನಾನು ನೆಲ ನೋಡಿದೆ.

ಮನೆಗೆ ಬರುವ ದಾರಿಯಲ್ಲಿ ಅಜ್ಜಿಯನ್ನು ಒಂದು ಮಾತು ಕೇಳಿದೆ. ಎಲ್ಲರೂ ಲೂಳ ಹೊಟ್ಟೆಕಿಚ್ಚನ್ನೇ ನೋಡುತ್ತಿದ್ದಾಗ ಮೇಸ್ತ್ರಿಯದು ಅವಳಿಗೆ ಹೇಗೆ ಹೊಳೆಯಿತು ಎಂದು.

ಅಜ್ಜಿ ನನ್ನ ತೋಳು ಹಿಡಿದು ನಿಧಾನಕ್ಕೆ ನಡೆಯುತ್ತಿದ್ದಳು. "ಐದು ವರ್ಷದಿಂದ ನೀನು ನಂಗೆ ಒಂದು ಕಿಟಕಿ ಅಂದ್ರೆ ಅದರ ಮೇಲಿನ ನೊಣದವರೆಗೂ ಹೇಳ್ದೋಳು," ಎಂದಳು. "ನಿನ್ನೆ ಎರಡೇ ಮಾತಲ್ಲಿ ಮುಗಿಸ್ದೆ. ಏನೋ ಬಚ್ಚಿಡ್ತಿದಾಳೆ, ಯಾಕೆ ಅಂತ ಯೋಚ್ನೆ ಮಾಡ್ದೆ. ಆಗ ಆ ಮನೇಲೂ ನಿನ್ನಂಥೋನು ಒಬ್ಬ ಇದಾನೆ ಅಂತ ಹೊಳೀತು."

"ಎಣ್ಣೆ ವಿಷ್ಯ ನಾನು ಹೇಳ್ದೇ ಇದ್ದಿದ್ರೆ?" ಎಂದೆ.

"ಅವಳನ್ನ ಹೇಗೋ ಬಿಡಿಸ್ತಿದ್ದೆ," ಎಂದಳು ಅಜ್ಜಿ. "ನಿನ್ನ ಬಿಡಿಸೋಕೆ ಆಗ್ತಿರಲಿಲ್ಲ."

ಯಿಂಗ್ ಈಗ ನಮ್ಮಲ್ಲೇ ಇದ್ದಾಳೆ. ನಮ್ಮ ಕಿಟಕಿಗಳೆಲ್ಲ ಹೊರಗಿನಿಂದ ಅಂಟಿಸಿ ಎಣ್ಣೆ ಬಳಿಸಿಕೊಂಡಿವೆ, ಓಣಿಯವರು ನಗುತ್ತಾರೆ. ಮೂಲೆಯಲ್ಲಿ ನರಿಯಪ್ಪನ ಗೂಡು, ಮುಂದೆ ಮೊಟ್ಟೆ. ಅಜ್ಜಿ ಅವಳ ಜೊತೆ ನಕ್ಕಾಗ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ, ಅದು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಹಾಗೆ ಉರಿದಾಗಲೆಲ್ಲ ಅವಳನ್ನು ಹತ್ತಿರ ಕರೆದು, ಅಜ್ಜಿಗೆ ಹೇಗೆ ನೋಡಿ ಹೇಳಬೇಕೆಂದು ಇನ್ನೊಂದು ಪಾಠ ಹೇಳಿಕೊಡುತ್ತೇನೆ.