ಕೂಲರಿನೊಳಗಿನ ಸಣ್ಣ ಸಿಳ್ಳು

ಪೆಟ್ಟಿಗೆ ಹೊತ್ತು ಮೂರನೇ ಮಹಡಿಯ ಪರೀಕ್ಷಾ ಕೋಣೆಗೆ ಬಂದವನನ್ನು ಅವಳು ಕೊರಿಯರ್‌ನವನೆಂದೇ ತಿಳಿದಳು.

"ಅಲ್ಲಿಡಿ. ಸಹಿ ಎಲ್ಲಿ ಹಾಕಬೇಕು?" ಎಂದು ಮುಖವೆತ್ತದೆ ಕೇಳಿದಳು.

ಅವನು ಹಸುಗೂಸನ್ನು ಮಲಗಿಸುವಂತೆ ಪೆಟ್ಟಿಗೆಯನ್ನು ಮೇಜಿನ ಮೇಲಿಳಿಸಿದ. "ಸಹಿ ಬೇಡ. ಇದನ್ನ ಮಾಡಿದ್ದು ನಾನೇ. ಬೇರೆಯವರ ಕೈಗೆ ಕೊಡೋಕೆ ಮನಸ್ಸಾಗಲಿಲ್ಲ."

ಆಗ ಅವಳು ತಲೆಯೆತ್ತಿದಳು. ದಣಿದ ಮುಖ, ನೇರ ನೋಟ.

ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಅವಳದು ಇದೇ ಕೆಲಸ: ಪ್ರೊಸೆಸರ್ ತಣ್ಣಗಿಡುವ ಸಾಧನಗಳನ್ನು ತೂಗಿ, ಅಳೆದು, ಮುಲಾಜಿಲ್ಲದೆ ಬರೆಯುವುದು. ಕಚೇರಿಯವರು ಅವಳಿಗೆ 'ತಕ್ಕಡಿ' ಎಂದು ಅಡ್ಡಹೆಸರಿಟ್ಟಿದ್ದರು.

ಅವನು ತಂದ ಕೂಲರ್ ಒಂದೂವರೆ ಕಿಲೋ ತೂಗಿತು. ಎರಡು ಫ್ಯಾನು, ಏಳು ತಾಮ್ರದ ಕೊಳವೆ, ಕಾಗದದಷ್ಟು ತೆಳ್ಳಗಿನ ಲೋಹದ ರೆಕ್ಕೆಗಳನ್ನು ಒಂದರ ಮೇಲೊಂದು ಪೇರಿಸಿದ ಎರಡು ಗೋಪುರ. ಅವನು ತನ್ನ ಅಕ್ಕನ ಜೊತೆ ನಡೆಸುವ ಪುಟ್ಟ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕೂತು ಮಾಡಿದ್ದು. ಇದು ಕೈಹಿಡಿಯದಿದ್ದರೆ ಕಾರ್ಖಾನೆಯ ಬಾಗಿಲು ಮುಚ್ಚಬೇಕು. ಅದನ್ನವನು ಹೇಳಿಕೊಳ್ಳಲಿಲ್ಲ, ಅವಳೇ ಒಂದೊಂದಾಗಿ ಕೇಳಿ ತಿಳಿದಳು.

ಅವಳು ಪ್ರೊಸೆಸರ್ ಮೇಲೆ ಶಾಖ ದಾಟಿಸುವ ಪೇಸ್ಟ್ ಹಚ್ಚುವಾಗ ಅವನ ಕಣ್ಣು ಅವಳ ಬೆರಳುಗಳ ಮೇಲೇ ಇತ್ತು.

"ಹಾಗೆ ನೋಡಿದ್ರೆ ಪೇಸ್ಟ್ ಆಚೀಚೆ ಹೋಗುತ್ತೆ."

"ಕೂಲರ್ ನೋಡ್ತಿದ್ದೆ."

"ಕೂಲರ್ ಮೇಜಿನ ಆ ತುದೀಲಿದೆ."

ಅವನು ಕೆಂಪಾಗಿ ಕಿಟಕಿಯತ್ತ ತಿರುಗಿದ.

ಒಂದು ಗಂಟೆ ಪ್ರೊಸೆಸರನ್ನು ಬಿಡದೆ ದುಡಿಸಿದ ಮೇಲೆ ಪರದೆಯಲ್ಲಿ ಸಂಖ್ಯೆ ನಿಂತಿತು. ಇದುವರೆಗೆ ಅವಳು ಕಂಡ ಅತ್ಯುತ್ತಮ ಕೂಲರಿಗಿಂತ ನಾಲ್ಕು ಡಿಗ್ರಿ ಕಡಿಮೆ. ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಸಂಖ್ಯೆಯನ್ನು ನೋಡಿದ್ದು ಒಂದು ಕ್ಷಣ, ಅವಳನ್ನು ನೋಡಿದ್ದು ಅದಕ್ಕಿಂತ ಹೆಚ್ಚು. ನೆಟ್ಟಗೇ ಇದ್ದ ವೈರೊಂದನ್ನು ಅವಳು ಮತ್ತೆ ನೆಟ್ಟಗೆ ಮಾಡಿದಳು.

ಮರುದಿನ ಸದ್ದಿನ ಪರೀಕ್ಷೆ. ಗೋಡೆಗೆಲ್ಲ ಸ್ಪಂಜು ಹೊದಿಸಿದ ಕೋಣೆಯಲ್ಲಿ ಇಬ್ಬರೇ. ಫ್ಯಾನಿನ ವೇಗ ಅರ್ಧ ದಾಟುತ್ತಿದ್ದಂತೆ ಸೂಜಿಯಂಥ ಸಣ್ಣ ಸಿಳ್ಳು ಶುರುವಾಯಿತು.

"ಈ ಸಿಳ್ಳು ಯಾಕೆ ಬರ್ತಿದೆ?"

"ಯಾವ ಸಿಳ್ಳು? ಏನೂ ಇಲ್ವಲ್ಲ."

ಅವಳಿಗೆ ಸಿಟ್ಟು ಬಂತು. ಮುಚ್ಚಿಡುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇವನು ಅವರಲ್ಲೊಬ್ಬನಾಗುವುದು ಮಾತ್ರ ಬೇಡವಾಗಿತ್ತು. "ನೀವು ಮಾಡಿದ್ದು ಅಂತ ಮುದ್ದು ಮಾಡ್ಬೇಡಿ. ಮೀಟರ್ ನೋಡಿ."

ಸದ್ದು ಅಳೆಯುವ ಮೀಟರಿನ ಪರದೆಯಲ್ಲಿ ಒಂದೇ ಒಂದು ಗೆರೆ ಚೂಪಾಗಿ ಮೇಲೆದ್ದು ನಿಂತಿತ್ತು. ಅವನು ಅದನ್ನೇ ದಿಟ್ಟಿಸಿದ. ಬಗ್ಗಿ ಫ್ಯಾನಿಗೆ ಬಲಗಿವಿ ಹಿಡಿದ. ಆಮೇಲೆ ಎಡಗಿವಿ. ಮುಖ ಬಿಳಿಚಿಕೊಂಡಿತು.

ಅವಳಿಗೆ ಅರ್ಥವಾಯಿತು. ಫ್ಯಾನು ನಿಲ್ಲಿಸಿ, ಕುರ್ಚಿ ಎಳೆದು ಕೂರಿಸಿ, ಪರೀಕ್ಷೆಯ ಸ್ಪೀಕರಿನಿಂದ ಒಂದೊಂದೇ ಸ್ವರ ನುಡಿಸಿದಳು. ಕೇಳಿಸಿದಾಗಲೆಲ್ಲ ಅವನು ಬೆರಳೆತ್ತಿದ. ಸ್ವರ ಮೇಲೇರುತ್ತ ಹೋಯಿತು. ಒಂದು ಹಂತದ ನಂತರ ಬೆರಳು ಏಳಲೇ ಇಲ್ಲ. ಅವಳ ಕಿವಿಯಲ್ಲಿ ಮಾತ್ರ ಸ್ವರ ಮೊಳಗುತ್ತಲೇ ಇತ್ತು.

"ಹದಿನೈದು ವರ್ಷ ತಗಡು ಒತ್ತೋ ಪ್ರೆಸ್ ಮಷೀನ್ ಪಕ್ಕ ನಿಂತಿದೀನಿ" ಎಂದ ಅವನು. "ಕರೆದ್ರೆ ತಿರುಗಲ್ಲ, ಸೊಕ್ಕು ಅಂತ ಅಕ್ಕ ಬೈತಿದ್ಲು. ನಾನೂ ಸೊಕ್ಕೇ ಇರಬೇಕು ಅಂದ್ಕೊಂಡಿದ್ದೆ."

ಅವಳು ಪಕ್ಕದಲ್ಲಿ ಕೂತಳು. "ಸಿಳ್ಳಿನ ಬಗ್ಗೆ ಬರೀಲೇಬೇಕಾಗುತ್ತೆ" ಎಂದಳು.

"ಬರೀರಿ."

"ಕಿವಿ ಬಗ್ಗೆ ಬರೆಯಲ್ಲ."

"ಗೊತ್ತು."

ಆ ಒಂದು ಮಾತು ಅವಳ ಎದೆಯಲ್ಲಿ ಬೇರೂರಿತು.

ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು: ತಣ್ಣಗಿಡುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಸಿಳ್ಳು ಹೋಗುವವರೆಗೆ ಕೊಳ್ಳಬೇಡಿ. ಅವನಿಂದ ಫೋನ್ ಬರಲಿಲ್ಲ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅವಳ ತಲೆ ತಾನಾಗಿ ಆ ಕಡೆ ತಿರುಗತೊಡಗಿತು. ಹೀಗೇ ಎರಡು ತಿಂಗಳು.

ಒಂದು ಬೆಳಗ್ಗೆ ಅವನು ಬಂದ, ಇನ್ನೊಂದು ಪೆಟ್ಟಿಗೆಯೊಂದಿಗೆ.

"ಫ್ಯಾನಿನ ಮೋಟಾರು ಬದಲಾಯಿಸಿದೀನಿ. ಸಿಳ್ಳು ಹೋಯ್ತು ಅಂತಾಳೆ ಅಕ್ಕ. ನನ್ನ ಸಮಾಧಾನಕ್ಕೆ ಹೇಳ್ತಾಳೋ ಏನೋ. ನೀವು ಕೇಳಿ ಹೇಳ್ಬೇಕು."

"ಮೀಟರ್ ತಗೊಳ್ಳಬಹುದಿತ್ತಲ್ಲ?"

"ತಗೊಂಡಿದೀನಿ" ಎಂದು ಅವನು ನೆಲ ನೋಡಿದ.

ಸ್ಪಂಜಿನ ಕೋಣೆಯಲ್ಲಿ ಅವಳು ಕಣ್ಣು ಮುಚ್ಚಿ ಒಂದೊಂದು ವೇಗದಲ್ಲೂ ಕಿವಿಗೊಟ್ಟು ಕೇಳಿದಳು. ಅವನು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ಓದುತ್ತಿದ್ದ. ಗಾಳಿಯ ಮೆಲ್ಲನೆಯ ಸುಯ್ಲಿನ ಹೊರತು ಏನೂ ಇರಲಿಲ್ಲ.

"ಪೂರ್ತಿ ಹೋಗಿದೆ" ಎಂದಳು. ಅವನ ಹೆಗಲು ಸಡಿಲವಾಯಿತು. "ಆದ್ರೆ ಈ ಸಲ ನಾನು ಬರೆಯಲ್ಲ. ಬೇರೆಯವರಿಗೆ ಕೊಡಿ ಅಂತ ಸಂಪಾದಕರಿಗೆ ಹೇಳ್ತೀನಿ."

ಅವನ ಮುಖ ಸಪ್ಪಗಾಯಿತು. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲಿ ಒಂದು ನಿಯಮ ಇದೆ." ಅವಳು ಫ್ಯಾನು ನಿಲ್ಲಿಸಿದಳು. ದನಿ ತಾನಾಗಿ ತಗ್ಗಿತು. "ನಮಗೆ ಬೇಕಾದವರು ಮಾಡಿದ್ದಕ್ಕೆ ನಾವು ಅಂಕ ಕೊಡೋ ಹಾಗಿಲ್ಲ."

"ಏನಂದ್ರಿ?"

ಅವನಿಗೆ ಕೇಳಿಸಲಿಲ್ಲವೋ, ಇನ್ನೊಮ್ಮೆ ಕೇಳಬೇಕೆನಿಸಿತೋ ಅವಳಿಗೆ ತಿಳಿಯಲಿಲ್ಲ. ಹತ್ತಿರ ಹೋಗಿ, ಅವನ ತೋಳಿನ ಮೇಲೆ ಕೈಯಿಟ್ಟು, ಅವನ ಕಿವಿಯ ಬಳಿ ನಿಧಾನವಾಗಿ ಹೇಳಿದಳು.

"ಬೇಕಾದವರು."