ಬಾಣಂತಿಯ ಬದಿಯ ಜಾಗ

“ಅಳಿಯಾರ, ಬಾಣಂತೀನ ಒಬ್ಬಾಕಿನ್ನ ಬಿಡಬ್ಯಾಡ್ರಿ. ಆಕಿ ಬಾಜೂಕ ಮನಿ ಮಂದಿ ಕುಂದರಲಿಲ್ಲಂದ್ರ, ಬ್ಯಾರೆ ಯಾರೋ ಬಂದು ಕುಂದರತಾರ.”

ತನ್ನೂರು ಕರೋಶಿಗೆ ಹೊರಟು ನಿಂತ ಅತ್ತೆ ಜಿನಮತಿಯ ಮಾತಿಗೆ ನೇಮಿನಾಥ ನಕ್ಕ. “ಬರ್ಲಿ ಬಿಡ್ರಿ. ಚಾ ಮಾಡಿ ಕೊಡ್ತೀನಿ.”

ಪುಣೆಯಲ್ಲಿ ಓದಿ, ಎಂಬತ್ತಾರನೆಯ ಇಸವಿಯಲ್ಲಿ ರಾಯಬಾಗದ ಶಾಲೆಗೆ ವಿಜ್ಞಾನದ ಮಾಸ್ತರನಾಗಿ ಬಂದವನು ಅವನು. ಬಾಣಂತಿಯ ಕಾವಲಿಗೆಂದು ಅತ್ತೆ ಹಾಕುತ್ತಿದ್ದ ಲೋಬಾನದ ಹೊಗೆ, ಹಾಸಿಗೆಯಡಿ ಇಟ್ಟ ಕುಡುಗೋಲು ಕಂಡು ಜೊತೆಯ ಮಾಸ್ತರರು ನಕ್ಕಿದ್ದರು. ಆ ನಾಚಿಕೆಗೆ ಅತ್ತೆಯನ್ನೇ ಊರಿಗೆ ಕಳಿಸಿದ.

ಅಂದಿನಿಂದ ಹೆಂಡತಿ ಸುಗಂಧಾಳ ಮಾತು ನಿಂತಿತು. ಕೂಸು ಅತ್ತರೂ ಗೋಡೆ ನೋಡುತ್ತ ಕೂಡುವಳು. ಹಾಲು ಸೋರಿ ಕುಪ್ಪಸ ಹುಳಿನಾತ ಹೊಡೆಯುತ್ತಿತ್ತು. ಒಮ್ಮೊಮ್ಮೆ ಸುಮ್ಮನೆ ಅಳುವಳು. ನೆರೆಮನೆಯ ತಾರಾಬಾಯಿ ಕೇಳಿದರೆ ನೇಮಿನಾಥ ಮಲೇರಿಯಾ ಎಂದ. ಅಳು ಓಣಿಗೆ ಕೇಳಬಾರದೆಂದು, ಶಾಲೆಗೆ ಹೋಗುವಾಗ ಕೋಣೆಗೆ ಹೊರಗಿನಿಂದ ಚಿಲಕ ಹಾಕತೊಡಗಿದ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದವನಿಗೆ ಬಚ್ಚಲೊಲೆಯ ಸಂದಿಯಲ್ಲೊಂದು ಗೊಂಬೆ ಸಿಕ್ಕಿತು. ಸುಗಂಧಾಳ ಹಸಿರು ಸೀರೆಯ ಚಿಂದಿ, ಉದ್ದ ಕೂದಲು, ಎದೆಗೆ ಚುಚ್ಚಿದ ಜಾಲಿಮುಳ್ಳು. ಅದಕ್ಕೂ ಅದೇ ಹುಳಿನಾತ. ತನ್ನ ಮಾತು ನಿಜ ಮಾಡಲು ಅತ್ತೆಯೇ ಮಾಟ ಮಾಡಿಟ್ಟು ಹೋಗಿದ್ದಾಳೆ ಎಂದುಕೊಂಡ. ಇಂಥದಕ್ಕೆಲ್ಲ ತಾನು ಅಂಜುವವನಲ್ಲ ಎಂದು ಅದನ್ನು ನೀರಿನ ಹೌದಿಗೆ ಎಸೆದ.

ಗೊಂಬೆ ಮುಳುಗಿತು.

ಕೋಣೆಯೊಳಗೆ ಗೊಳಗೊಳ ಸದ್ದು. ಚಿಲಕ ತೆಗೆದ. ಕತ್ತಲೆ. ನೆಲ ಒಣಗಿತ್ತು. ಸೀರೆ ಒಣಗಿತ್ತು. ಸುಗಂಧಾಳ ಬಾಯಿಂದ ನೀರು. ಮೂಗಿನಿಂದ ನೀರು. ತೊಟ್ಟಿಲಲ್ಲಿ ಕೂಸು ಚೀರುತ್ತಿತ್ತು. ಹಾಸಿಗೆಯ ಬದಿಗೆ ಒಬ್ಬಳು ಕುಳಿತಿದ್ದಳು. ಹಸಿರು ಸೀರೆ. ಬಿಚ್ಚಿದ ಕೂದಲು. ತಲೆ ಎತ್ತಿದಳು. ಸುಗಂಧಾಳದೇ ಮುಖ.

“ಚಾ ಆತೇನ್ರಿ?”

ಓಡಿದ. ಹೌದಿಗೆ ಇಳಿದ. ತಡಕಾಡಿದ. ಗೊಂಬೆ ಕೈಗೆ ಬಂತು. ಮೇಲೆತ್ತಿದ. ಕೋಣೆಯಿಂದ ಸುಗಂಧಾ ಉಸಿರೆಳೆದ ಸದ್ದು ಕೇಳಿತು.

ಕೋಣೆಗೆ ಓಡಿಬಂದರೆ ಬದಿಯ ಜಾಗ ಈಗ ಖಾಲಿಯಿತ್ತು. ಅವನ ಕೈಯ ಗೊಂಬೆ ಕಂಡು ಸುಗಂಧಾ ಮುಖ ಮುಚ್ಚಿಕೊಂಡಳು.

“ನಾನ ಮಾಡೇನ್ರಿ. ನನ್ನ ಕೈಲೆ ಕೂಸಿಗೆ ಏನರೆ ಆದೀತಂತ ಅಂಜಿಕಿ. ಅದಕ್ಕ ಮದಲ ನಾ ಸಾಯಬೇಕಂತ… ಯಾರ ಮುಂದ ಹೇಳ್ಲಿ? ನೀವು ಚಿಲಕ ಹಾಕತಿದ್ರಿ.”

ನೇಮಿನಾಥ ಅವಳ ಕೈ ಹಿಡಿದುಕೊಂಡೇ ಕಿಟಕಿ ತೆರೆದ. ಮಲೇರಿಯಾ ಅಲ್ಲ, ತಾನು ಹೇಳಿದ್ದು ಸುಳ್ಳು, ಬಂದು ಇವಳ ಹತ್ತಿರ ಕೂಡಿರಿ ಎಂದು ತಾರಾಬಾಯಿಯನ್ನು ಕೂಗಿದ. ಇಡೀ ಓಣಿಗೆ ಕೇಳಿತು.

ತಾರಾಬಾಯಿಯ ಗಂಡ ಕರೋಶಿಗೆ ಹೋಗಿ, ಸಂಜೆಯ ಬಸ್ಸಿಗೆ ಜಿನಮತಿಯನ್ನು ಕರೆತಂದ. ಆಕೆ ಬಂದವಳೇ ಮಗಳ ಬದಿಗೆ ಕುಳಿತು ಣಮೋಕಾರ ಮಂತ್ರ ಹೇಳತೊಡಗಿದಳು. ಮರುದಿನ ಮಿರಜಿನ ಡಾಕ್ಟರರ ಹತ್ತಿರ ಎಲ್ಲರೂ ಕೂಡಿಯೇ ಹೋದರು.

ಭಗವಂತನ ದಯೆ, ಸುಗಂಧಾ ಉಳಿದಳು. ಆದರೆ ಅಂದು ಆಡಿದ್ದೇ ಕೊನೆಯ ಮಾತು, ದನಿ ಉಳಿಯಲಿಲ್ಲ. ಜೋಗುಳಕ್ಕೆ ಬಾಯಿ ತೆರೆದರೆ ಗಂಟಲಲ್ಲಿ ಗೊಳಗೊಳ ನೀರಿನ ಸದ್ದಷ್ಟೇ. ಆಗೆಲ್ಲ ನೇಮಿನಾಥ ತಲೆ ತಗ್ಗಿಸಿ, ಆ ಬದಿಯ ಜಾಗದಲ್ಲಿ ಕುಳಿತು ತೊಟ್ಟಿಲು ತೂಗುತ್ತಾನೆ.