ಸೂಚಕರ ಸಹಿ

2024ರ ಡಿಸೆಂಬರ್ 11, ಬುಧವಾರ. ಬೆಳಿಗ್ಗೆ 7.50ಕ್ಕೆ ಗಜೇಂದ್ರಗಡ ಠಾಣೆಗೆ ಬಂದ ರೇಷ್ಮಾಳ ಸೆರಗಿನ ತುಂಬ ಸಿಮೆಂಟಿನ ಹುಡಿ.

"ನಮ್ಮವ್ವ ಹುಚ್ಚವ್ವ ಸ್ಲ್ಯಾಬ್ ಕುಸದು ಸತ್ತಾಳ್ರಿ. ಆ ಗೌಂಡಿ ಶಂಭುಲಿಂಗನ್ನ ಬಿಡಬ್ಯಾಡ್ರಿ!"

ಪಿಎಸ್‌ಐ ಬನಶ್ರೀ ದೂರು ಬರೆಸಿಕೊಂಡರು. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಶಂಭುಲಿಂಗ ತಾನಾಗಿಯೇ ಬಂದು ಠಾಣೆಯ ಬೆಂಚಿನ ಮೇಲೆ ಕೂತ. ಜೈಲು ಖಾತ್ರಿ ಎಂದು ಅವನಿಗೂ ಗೊತ್ತಿತ್ತು.

ಪುರ್ತಗೇರಿ ರಸ್ತೆಯಲ್ಲಿ ಸ್ಲ್ಯಾಬ್ ಕುಸಿದ ಆ ಮನೆಯ ಮುಂದೆ ಫಲಕವೊಂದೇ ನೆಟ್ಟಗೆ ನಿಂತಿತ್ತು: 'ಮನೆ ನಿರ್ಮಾಣಗಾರರ ಸಂಘದ ಸದಸ್ಯರ ಕೆಲಸ'. ಈ ಫಲಕವಿಲ್ಲದ ಗೌಂಡಿಗೆ ಊರಲ್ಲಿ ಈಗ ಯಾರೂ ಮನೆ ಕಟ್ಟಲು ಕೊಡುವುದಿಲ್ಲ. ಫಲಕ ನೋಡಿದವರು ಗೋಡೆ ನೋಡುವುದನ್ನೇ ಬಿಟ್ಟಿದ್ದಾರೆ, ಅದು ಬೇರೆ ಮಾತು.

9.30ಕ್ಕೆ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ಯಮನೂರಸಾಬ ಅಂಗಳದ ಮೂಲೆ ತೋರಿಸಿದ. ಸ್ಲ್ಯಾಬಿಗೆ ಆಸರೆ ಕೊಟ್ಟ ಕಂಬಗಳ ಬುಡಕ್ಕೆ ಬಡಿಯುವ ಕಟ್ಟಿಗೆಯ ಬೆಣೆಗಳು, ಹದಿನಾಲ್ಕು. ದೊಡ್ಡವು ಕೆಳಗೆ, ಸಣ್ಣವು ಮೇಲೆ, ಒಪ್ಪವಾಗಿ ಜೋಡಿಸಿಟ್ಟಿದ್ದವು.

"ಇವು ತಾವಾಗಿ ಬಿದ್ದಿಲ್ರಿ ಮೇಡಂ. ಯಾರೋ ಬಿಚ್ಚಿ ಇಟ್ಟಾರ."

ಎದುರುಮನೆಯಲ್ಲಿ ಸೀರೆ ನೇಯುತ್ತಿದ್ದ ವೀರವ್ವ ಮಗ್ಗದಿಂದಲೇ ಹೇಳಿದಳು: "ನಿನ್ನೆ ಸಂಜಿ ಆರಕ್ಕ ಮಾಳಿಂಗರಾಯಜ್ಜ ಒಳಗ ಹೊಕ್ಕಿದ್ದ. ಶಿಷ್ಯನ ಕೆಲಸ ನೋಡಾಕ ಬಂದಾನಂತ ಸುಮ್ನಾದ್ನಿ."

ಠಾಣೆಯಲ್ಲಿ ಬನಶ್ರೀ ಬೆಣೆಗಳ ಫೋಟೋ ತೋರಿಸಿದರು. ಶಂಭುಲಿಂಗನ ಮುಖ ಇಳಿಯಿತು.

"ಹಿಂಗ ಜೋಡ್ಸಾಂವ ಒಬ್ಬನ ಇದ್ದಾನ್ರಿ. ನನಗ ಕರಣಿ ಹಿಡ್ಯಾಕ ಕಲಿಸಿದ ಮಾಳಿಂಗರಾಯಜ್ಜ."

"ಸಂಘದಾಗ ಇದ್ದಾನೇನು?"

"ಮೂರು ಸಲ ಅರ್ಜಿ ಹಾಕ್ಯಾನ್ರಿ. ಇಬ್ರು ಸದಸ್ಯರು ಸೂಚಕರಾಗಿ ಸಹಿ ಮಾಡ್ಬೇಕು. ನಾ ಮಾಡ್ಲಿಲ್ರಿ."

"ಯಾಕ?"

"ಅಂವ ಸಂಘಕ್ಕ ಬಂದ್ರ ನನ್ನ ಯಾರು ಕರೀತಾರ್ರಿ?"

12.40ಕ್ಕೆ ಮುದುಕ ಮನೆಯಲ್ಲೇ ಸಿಕ್ಕ. ಓಡಿಹೋಗುವ ಯೋಚನೆಯೇ ಇರಲಿಲ್ಲ.

"ಬೆಣಿ ಯಾಕ ಬಿಚ್ಚಿದಿ ಅಜ್ಜಾ?"

"ಸ್ಲ್ಯಾಬ್ ಜೋಲಲಿ, ಸಂಘದವ್ರ ಮುಂದ ಅವನ ಮಾನ ಹೋಗ್ಲಿ ಅಂತ. ಬೀಳ್ತೈತಿ ಅಂದ್ಕೊಂಡಿದ್ದಿಲ್ರಿ."

"ಸ್ಲ್ಯಾಬ್ ಗಟ್ಟಿ ಆಗ್ಲಂತ ಮುಂಜಾನೆ ಮ್ಯಾಲೆ ನೀರು ಕಟ್ಯಾರ. ಆ ಭಾರಕ್ಕ ಬಿತ್ತು. ಸತ್ತಾಕಿ ಯಾರು, ಗೊತ್ತೈತೇನು?"

"ಯಾರೋ ಕೂಲಿ ಹೆಣ್ಮಗಳು ಅಂದ್ರು."

"ಹುಚ್ಚವ್ವ."

ಮಾಳಿಂಗರಾಯ ಗೋಡೆ ಹಿಡಿದು ಕೆಳಗೆ ಕೂತ. "ಆಕಿ ನನ್ನ ಕೈಕೆಳಗ ಬಿಟ್ಟು ಬ್ಯಾರೆ ಎಲ್ಲೂ ಕೆಲಸಕ್ಕ ಹೋದಾಕಿ ಅಲ್ರಿ..."

"ಇವತ್ತ ಮೊದಲನೇ ದಿನ ಹೋಗಿದ್ಲು."

"ನನಗ ಕೆಲಸಿಲ್ಲಂತ ಹ್ವಾದ್ಲು. ಅಯ್ಯೋ, ನನ್ನ ಕೈ ಸೇದಿಹೋಗ್ಲಿ!" ಎಂದು ಅವನು ಹಣೆ ಹಣೆ ಬಡಿದುಕೊಂಡ. 1.05ಕ್ಕೆ ಬಂಧನ. ಎಫ್‌ಐಆರಿನ ಕಲಂ ಬದಲಾಯಿತು. ಶಂಭುಲಿಂಗನನ್ನು ಬಿಟ್ಟು ಕಳಿಸಿದರು. ಅವನು ಸದಸ್ಯತ್ವದ ಕಾರ್ಡನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದ.

ಸಂಜೆ ನಾಲ್ಕಕ್ಕೆ ಸಂಘದ ಕಚೇರಿಯಿಂದ ಮಾಳಿಂಗರಾಯನ ಮೂರನೇ ಅರ್ಜಿಯನ್ನು ಜಪ್ತಿ ಮಾಡಿದರು. ಮೊದಲ ಸೂಚಕರ ಜಾಗ ಖಾಲಿ. ಎರಡನೆಯದರಲ್ಲಿ ಎಡಗೈ ಹೆಬ್ಬೆಟ್ಟು. ಪಕ್ಕದಲ್ಲಿ ಯಾರಿಂದಲೋ ಬರೆಸಿದ್ದು: 'ಹುಚ್ಚವ್ವ. ಇಪ್ಪತ್ತೆರಡು ವರ್ಷ ಇವರ ಕೈಗೆ ಗಾರೆ ಕೊಟ್ಟಿದ್ದೇನೆ. ಇವರು ಕಟ್ಟಿದ್ದು ಒಂದೂ ಬಿದ್ದಿಲ್ಲ.' ಅದರ ಮೇಲೆ ಸಂಘದವರು ಕೆಂಪು ಶಾಯಿಯಲ್ಲಿ 'ಸೂಚಕರು ಸದಸ್ಯರಲ್ಲ' ಎಂದು ಬರೆದಿದ್ದರು.

ಬನಶ್ರೀ ಅದನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದರು.